ಒಂದೇ ಸಮ ಬಡಿಯುವ ಎದೆ

ನನ್ನ ದೊಡ್ಡಪ್ಪ ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೂ ಹಾಜರಿ ಪುಸ್ತಕ ಬರೆಯುವ ಅಭ್ಯಾಸ ಅವರನ್ನು ಬಿಡಲಿಲ್ಲ. ಉದ್ದನೆಯ ರೂಲು ಪುಸ್ತಕವೊಂದರಲ್ಲಿ ದಿನವೂ ತಾರೀಖು, ಬರಿ ಹೊಟ್ಟೆಯ ಸಕ್ಕರೆ, ಊಟವಾದ ಮೇಲಿನ ಸಕ್ಕರೆ, ಬಿ.ಪಿ. ಹೀಗೆ ಸಾಲಾಗಿ ಬರೆಯುತ್ತಿದ್ದರು. ಕೊನೆಯ ಸಾಲಿನ ತಲೆಬರಹ ‘ನಾಡಿ’. ಬೆಳಿಗ್ಗೆ ಕಾಫಿಗೆ ಮುಂಚೆ ಜಗಲಿಯ ಮೇಲೆ ಕೂತು, ಕೀಲಿ ಕೊಡುವ ಹಳೆಯ ಎಚ್‌ಎಂಟಿ ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಪೂರ್ತಿ ಒಂದು ನಿಮಿಷ ಎಣಿಸುವರು. 96. ಮರುದಿನ 97. ಅದರ ಮರುದಿನ ಮತ್ತೆ 96. ಮಧ್ಯಾಹ್ನ ಮಲಗಿ ಎದ್ದಾಗ ಎಣಿಸಿದರೂ ಅಷ್ಟೇ, ಹಿತ್ತಲಿಗೆ ಹೋಗಿ ಬಂದು ಎಣಿಸಿದರೂ ಹೆಚ್ಚುಕಡಿಮೆ ಅಷ್ಟೇ.

“ನೋಡು ಕಣೋ, ಸಕ್ಕರೆ ಮಾತ್ರ ಹೇಳಿದ ಮಾತು ಕೇಳಲ್ಲ. ಎದೆ ಗಡಿಯಾರದ ಹಾಗೆ ಹೊಡೀತದೆ, ಒಂದು ಚೂರೂ ಆಚೆ ಈಚೆ ಆಗಲ್ಲ” ಅನ್ನುತ್ತಿದ್ದರು. ನಾವೆಲ್ಲರೂ ಹಾಗೇ ನಂಬಿದ್ದೆವು. ಸಂಖ್ಯೆ ನೂರರ ಒಳಗಿತ್ತು. ಅರವತ್ತರಿಂದ ನೂರರವರೆಗೆ ಸರಿ ಎಂದು ಶಾಲೆಯ ಪುಸ್ತಕವೂ ಹೇಳುತ್ತದೆ. ಗಡಿಯಾರದ ಹಾಗೆ ಬಡಿಯುವ ಎದೆ ಒಳ್ಳೆಯದೇ ಅಲ್ಲವೇ?

ಒಳ್ಳೆಯದಲ್ಲ. ಆರೋಗ್ಯವಂತನ ಎದೆ ಗಡಿಯಾರದ ಹಾಗೆ ಬಡಿಯುವುದೇ ಇಲ್ಲ. ಹತ್ತು ಹದಿನೈದು ವರ್ಷ ಸಕ್ಕರೆ ಕಾಯಿಲೆ ಇದ್ದವರ ನಾಡಿ ಸುಮ್ಮನೆ ಕೂತಾಗಲೂ ಸತತವಾಗಿ ತೊಂಬತ್ತು ನೂರರ ಹತ್ತಿರ ಇದ್ದರೆ, ಅದರ ಜೊತೆಗೆ ಏರಿಳಿತವನ್ನೂ ಮರೆತಿದ್ದರೆ, ಎಲ್ಲೋ ಒಂದು ನರ ಸೋಲುತ್ತಿರುವ ಸೂಚನೆ ಅದು. ದೊಡ್ಡಪ್ಪನ ಪುಸ್ತಕದಲ್ಲಿ ಆ ಸೂಚನೆ ವರ್ಷಗಟ್ಟಲೆ ಅವರದೇ ಕೈಬರಹದಲ್ಲಿ ಬರೆದಿತ್ತು. ಓದುವವರು ಇರಲಿಲ್ಲ.

ಹೃದಯಕ್ಕೆ ಬಡಿಯಲು ಮೆದುಳಿನ ಅಪ್ಪಣೆ ಬೇಕಿಲ್ಲ. ಬಲ ಮೇಲ್ಕೋಣೆಯ ಗೋಡೆಯಲ್ಲಿ ಸೈನಸ್ ನೋಡ್ ಎಂಬ ಸಣ್ಣ ಜೀವಕೋಶಗಳ ಗುಂಪಿದೆ. ತನ್ನಷ್ಟಕ್ಕೆ ತಾನೇ ವಿದ್ಯುತ್ ಮಿಡಿತ ಹುಟ್ಟಿಸುವ ಶಕ್ತಿ ಅದಕ್ಕಿದೆ. ಯಾವ ನರದ ಹಂಗೂ ಇಲ್ಲದೆ ಬಿಟ್ಟರೆ ಹರೆಯದವರಲ್ಲಿ ಅದು ನಿಮಿಷಕ್ಕೆ ಸುಮಾರು ನೂರು ಸಲ ಮಿಡಿಯುತ್ತದೆ. ವಯಸ್ಸಾದಂತೆ ಈ ಸ್ವಂತ ವೇಗ ನಿಧಾನವಾಗಿ ಇಳಿಯುತ್ತದೆ. ಆದರೆ ಇಪ್ಪತ್ತೈದರ ಹುಡುಗನ ಕೈ ಹಿಡಿದು ನೋಡಿ, ಎಪ್ಪತ್ತೋ ಅರವತ್ತೈದೋ ಇರುತ್ತದೆ. ನೂರು ಬಡಿಯಬೇಕಾದದ್ದು ಎಪ್ಪತ್ತಕ್ಕೆ ಇಳಿದಿದೆ ಎಂದರೆ ಯಾರೋ ಹಿಡಿದು ನಿಲ್ಲಿಸುತ್ತಿದ್ದಾರೆ ಎಂದೇ ಅರ್ಥ. ಕುದುರೆಗೆ ಕಡಿವಾಣ ಇದ್ದ ಹಾಗೆ.

ಆ ಕಡಿವಾಣದ ಹೆಸರು ವೇಗಸ್ ನರ. ಕನ್ನಡದ ಕಿವಿಗೆ ‘ವೇಗ’ ಎಂದು ಕೇಳಿಸುವ ಈ ಹೆಸರು ಮಾಡುವ ಕೆಲಸ ವೇಗ ತಗ್ಗಿಸುವುದು. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಅಲೆಮಾರಿ ಎಂದು ಅರ್ಥ. ಹೆಸರು ಒಪ್ಪುತ್ತದೆ: ಮೆದುಳಿನ ಬುಡದಲ್ಲಿ ಹುಟ್ಟಿ, ಕತ್ತಿನ ಎರಡೂ ಬದಿಯಲ್ಲಿ ದೊಡ್ಡ ರಕ್ತನಾಳದ ಪಕ್ಕದಲ್ಲೇ ಇಳಿದು, ಗಂಟಲು, ಹೃದಯ, ಶ್ವಾಸಕೋಶಗಳನ್ನು ಮಾತಾಡಿಸಿಕೊಂಡು, ಜಠರ ದಾಟಿ ಕರುಳಿನವರೆಗೆ ಹೋಗುತ್ತದೆ. ತಲೆಯಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಇದೇ ಅತಿ ಉದ್ದದ್ದು. ಇದಕ್ಕೆ ಎದುರಾಗಿ ಕೆಲಸ ಮಾಡುವ ಅನುವೇದಕ ನರಗಳು ಬೆನ್ನುಹುರಿಯಿಂದ ಬರುತ್ತವೆ. ಅವು ಚಾಟಿ. ಹೆದರಿದಾಗ, ಓಡುವಾಗ, ಸಿಟ್ಟು ಬಂದಾಗ ಎದೆಯನ್ನು ಓಡಿಸುವುದು ಅವುಗಳ ಕೆಲಸ. ಸುಮ್ಮನೆ ಕೂತಿರುವಾಗ ಕಡಿವಾಣದ ಕೈ ಮೇಲಾಗಿರುತ್ತದೆ.

ವೇಗಸ್ ನರವನ್ನು ಪ್ರಚೋದಿಸಿದರೆ ಹೃದಯ ನಿಧಾನವಾಗುತ್ತದೆ, ನಿಂತೂ ಹೋಗಬಹುದು ಎಂದು ಜರ್ಮನಿಯ ವೇಬರ್ ಸೋದರರು 1845ರಲ್ಲಿ ತೋರಿಸಿದರು. ಒಂದು ನರ ಕೆಲಸ ಮಾಡಿದರೆ ಅಂಗವೊಂದು ಸುಮ್ಮನಾಗುತ್ತದೆ ಎಂಬುದು ಆಗಿನವರಿಗೆ ಅರಗದ ಮಾತಾಗಿತ್ತು. ನರ ಎಂದರೆ ಕೆಲಸಕ್ಕೆ ಹಚ್ಚುವುದು ಎಂದೇ ಎಲ್ಲರೂ ತಿಳಿದಿದ್ದರು. ಅದು ಹೇಗೆ ಸುಮ್ಮನಾಗಿಸುತ್ತದೆ ಎಂಬ ಗುಟ್ಟು ಬಿಡಿಸಿದವರು ಆಸ್ಟ್ರಿಯಾದ ಗ್ರಾಟ್ಸ್ ಊರಿನ ಓಟೋ ಲೋವಿ. ಅವರೇ ಹೇಳಿಕೊಂಡಂತೆ, ಪ್ರಯೋಗ ಹೊಳೆದದ್ದು ಕನಸಿನಲ್ಲಿ. ಮೊದಲ ರಾತ್ರಿ ಎದ್ದು ಚೀಟಿಯ ಮೇಲೆ ಗೀಚಿಟ್ಟರು. ಬೆಳಿಗ್ಗೆ ತಮ್ಮ ಅಕ್ಷರ ತಮಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ಕನಸು ಮತ್ತೆ ಬಿತ್ತು. ಈ ಸಲ ಚೀಟಿಯನ್ನು ನಂಬದೆ ನಡುರಾತ್ರಿಯಲ್ಲೇ ಎದ್ದು ಪ್ರಯೋಗಾಲಯಕ್ಕೆ ಹೋದರು. ಎರಡು ಕಪ್ಪೆಗಳ ಹೃದಯ ತೆಗೆದು ಉಪ್ಪುನೀರಿನ ದ್ರಾವಣದಲ್ಲಿಟ್ಟರು. ಒಂದರ ವೇಗಸ್ ನರವನ್ನು ಉಳಿಸಿಕೊಂಡಿದ್ದರು, ಇನ್ನೊಂದರದನ್ನು ತೆಗೆದಿದ್ದರು. ಮೊದಲನೆಯದರ ನರಕ್ಕೆ ವಿದ್ಯುತ್ ಮುಟ್ಟಿಸಿದಾಗ ಅದು ನಿಧಾನವಾಯಿತು. ಅದರ ಸುತ್ತಲಿನ ದ್ರಾವಣವನ್ನು ಎರಡನೆಯ ಹೃದಯದ ಮೇಲೆ ಸುರಿದರು. ನರವೇ ಇಲ್ಲದ ಆ ಹೃದಯವೂ ನಿಧಾನವಾಯಿತು! ನರದ ತುದಿಯಿಂದ ಏನೋ ಒಂದು ರಾಸಾಯನಿಕ ಒಸರಿದೆ ಎಂದಾಯಿತು. 1921ರಲ್ಲಿ ಇದು ಪ್ರಕಟವಾಯಿತು. ಆ ವಸ್ತು ಅಸಿಟೈಲ್‌ಕೋಲಿನ್ ಎಂದು ಆಮೇಲೆ ಗೊತ್ತಾಯಿತು. 1936ರ ನೊಬೆಲ್ ಬಹುಮಾನವನ್ನು ಲೋವಿ, ಹೆನ್ರಿ ಡೇಲ್ ಜೊತೆ ಹಂಚಿಕೊಂಡರು.

ನಿಮ್ಮೆದೆಯಲ್ಲೂ ಈ ಕ್ಷಣ ಅದೇ ರಾಸಾಯನಿಕ ಹನಿಹನಿಯಾಗಿ ಬೀಳುತ್ತಿದೆ. ನೋಡಬೇಕೆಂದಿದ್ದರೆ ಓದುವುದನ್ನು ಸ್ವಲ್ಪ ನಿಲ್ಲಿಸಿ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಬೆರಳಿಟ್ಟು ನಾಡಿ ಹುಡುಕಿ. ಈಗ ನಿಧಾನವಾಗಿ ಐದು ಸೆಕೆಂಡು ಉಸಿರು ಒಳಗೆಳೆದುಕೊಳ್ಳಿ, ಐದು ಸೆಕೆಂಡು ಹೊರಗೆ ಬಿಡಿ. ಎಳೆದುಕೊಳ್ಳುವಾಗ ಬಡಿತಗಳು ಹತ್ತಿರ ಹತ್ತಿರ ಬರುತ್ತವೆ, ಬಿಡುವಾಗ ದೂರ ದೂರವಾಗುತ್ತವೆ. ಚಿಕ್ಕ ಮಕ್ಕಳಲ್ಲಿ ಇದು ಎಷ್ಟು ಎದ್ದು ಕಾಣುತ್ತದೆಂದರೆ ಗೊತ್ತಿಲ್ಲದವರು ಎದೆಬಡಿತ ತಪ್ಪುತ್ತಿದೆ ಎಂದು ಗಾಬರಿಯಾದಾರು. ಉಸಿರು ಒಳಗೆ ಬಂದಾಗ ವೇಗಸ್ ತನ್ನ ಹಿಡಿತ ಸ್ವಲ್ಪ ಸಡಿಲಿಸುತ್ತದೆ, ಹೊರಗೆ ಹೋದಾಗ ಬಿಗಿ ಮಾಡುತ್ತದೆ. ಬದುಕಿರುವ, ಎಚ್ಚರವಾಗಿರುವ ಕಡಿವಾಣದ ಗುರುತು ಇದು. ಬೇರೆಯವರ ಹೃದಯವನ್ನು ಕಸಿ ಮಾಡಿಸಿಕೊಂಡವರಲ್ಲಿ ನರಗಳನ್ನು ಕತ್ತರಿಸಿರುವುದರಿಂದ ಈ ಆಟ ಇರುವುದಿಲ್ಲ. ಅವರ ಹೃದಯ ಕೂತಾಗಲೂ ತೊಂಬತ್ತು ನೂರರ ಆಸುಪಾಸಿನಲ್ಲಿ ಒಂದೇ ಸಮ ಬಡಿಯುತ್ತದೆ. ದೊಡ್ಡಪ್ಪನಿಗೆ ಯಾವ ಕಸಿಯೂ ಆಗಿರಲಿಲ್ಲ. ಅವರ ನರಗಳನ್ನು ಒಳಗಿನಿಂದ ಕೊಯ್ಯುತ್ತಿದ್ದದ್ದು ಸಕ್ಕರೆ.

ಕಾಲು ಜೋಮು ಹಿಡಿದ ಹಾಗಾಗುವುದು, ಪಾದ ಉರಿಯುವುದು, ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದಿರುವುದು ಸಕ್ಕರೆ ಕಾಯಿಲೆ ಇರುವ ಮನೆಗಳಲ್ಲಿ ಎಲ್ಲರಿಗೂ ಪರಿಚಿತ. ಕೈಗಿಂತ ಮೊದಲು ಪಾದಕ್ಕೇ ಯಾಕೆ? ಉದ್ದದ ನರಗಳು ಮೊದಲು ಸೋಲುತ್ತವೆ, ಅದಕ್ಕೆ. ನರಕೋಶದ ಒಡಲಲ್ಲಿ ತಯಾರಾದ ಸಾಮಗ್ರಿ ಅದರ ತುದಿಯವರೆಗೆ ಸಾಗಬೇಕು. ಬೆನ್ನಿನಿಂದ ಹೆಬ್ಬೆರಳಿನವರೆಗೆ ಒಂದು ಮೀಟರಿನಷ್ಟು ದಾರಿ. ಕಾಲುವೆಯ ಕೊನೆಯ ಗದ್ದೆಗೆ ನೀರು ಮೊದಲು ತಪ್ಪುವ ಹಾಗೆ, ಕೊರತೆ ಬಂದಾಗ ತುದಿ ಮೊದಲು ಒಣಗುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ ನರದೊಳಗೆ ಅದರ ಒಂದು ಪಾಲು ಸಾರ್ಬಿಟಾಲ್ ಆಗಿ ಮಾರ್ಪಡುತ್ತದೆ, ಪ್ರೋಟೀನುಗಳಿಗೆ ಸಕ್ಕರೆ ಅಂಟಿಕೊಂಡು ಅವು ಗಡಸಾಗುತ್ತವೆ, ನರಕ್ಕೇ ರಕ್ತ ಕೊಡುವ ಕೂದಲೆಳೆಯಂಥ ನಾಳಗಳು ಕಟ್ಟಿಕೊಳ್ಳುತ್ತವೆ. ಜೊತೆಗೆ ಕೊಬ್ಬು, ರಕ್ತದೊತ್ತಡ, ಬೀಡಿ ಸಿಗರೇಟು ಸೇರಿದರೆ ಕೇಡು ಬೇಗ.

ಪಾದದ ಮಾತು ನಮಗೆ ಗೊತ್ತಾಗುತ್ತದೆ, ಯಾಕೆಂದರೆ ಅದು ನೋಯುತ್ತದೆ. ವೇಗಸ್ ಕೂಡ ಉದ್ದದ ನರವೇ. ಅದೂ ಬೇಗ ಸೋಲತೊಡಗುತ್ತದೆ, ಆದರೆ ನೋಯುವುದಿಲ್ಲ. ಮೊದಲು ಕಳೆದುಹೋಗುವುದು ಉಸಿರಿನ ಜೊತೆಗಿನ ಏರಿಳಿತ. ಇದು ಯಂತ್ರಕ್ಕೆ ಮಾತ್ರ ಕಾಣುವ ಹಂತ. ಆಮೇಲೆ ಕೂತಾಗಿನ ನಾಡಿ ಏರುತ್ತದೆ, ಕಡಿವಾಣ ಸಡಿಲವಾಗಿ ಚಾಟಿಯೊಂದೇ ಉಳಿದ ಹಾಗೆ. ಅರವತ್ತು ದಾಟಿದ ದೊಡ್ಡಪ್ಪನಿಗೆ ಸೈನಸ್ ನೋಡಿನ ಸ್ವಂತ ವೇಗ ಎಂಬತ್ತರ ಹತ್ತಿರ ಇರಬೇಕಿತ್ತು. ತೊಂಬತ್ತಾರಕ್ಕೆ ಹೋಗಿದೆ ಎಂದರೆ ಚಾಟಿಯ ಪಾಲೂ ಇದೆ. ಬೊಜ್ಜು ಇರುವವರಲ್ಲಿ, ಇನ್ಸುಲಿನ್‌ಗೆ ದೇಹ ಬಗ್ಗದವರಲ್ಲಿ ಈ ಅನುವೇದಕ ನರಗಳು ಮೊದಲಿನಿಂದಲೇ ಜಾಸ್ತಿ ಕೆಲಸ ಮಾಡುತ್ತಿರುತ್ತವೆ. ಹಾಗಾಗಿ ಎರಡನೆಯ ಬಗೆಯ ಸಕ್ಕರೆ ಕಾಯಿಲೆಯಲ್ಲಿ ನಾಡಿ ಏರುವುದಕ್ಕೆ ಎರಡೂ ಕಡೆಯಿಂದ ಕಾರಣ ಸಿಗುತ್ತದೆ. ಕೊನೆಗೆ ಅನುವೇದಕ ನರಗಳೂ ಸೋಲುತ್ತವೆ. ಆಗ ನಾಡಿ ಮತ್ತೆ ಸ್ವಲ್ಪ ಇಳಿಯಲೂಬಹುದು, ಆದರೆ ಅದು ಗುಣವಾದದ್ದಲ್ಲ. ಎದ್ದು ನಿಂತಾಗ ಕಾಲಿನ ರಕ್ತನಾಳಗಳನ್ನು ಬಿಗಿಗೊಳಿಸುವವರು ಯಾರೂ ಇಲ್ಲದೆ ರಕ್ತವೆಲ್ಲ ಕೆಳಗಿಳಿದು, ಕಣ್ಣು ಕತ್ತಲೆ ಬಂದು, ಮನುಷ್ಯ ಕುಸಿಯುತ್ತಾನೆ.

ದೊಡ್ಡಪ್ಪ ಎರಡು ಸಲ ಕುಸಿದಿದ್ದರು, ಎರಡೂ ಸಲ ಬೆಳಗಿನ ಜಾವ ಬಚ್ಚಲಿಗೆ ಹೊರಟಾಗ. ತೋರಿಸಿದ ಕಡೆಯಲ್ಲಿ ಒಮ್ಮೆ ಗ್ಯಾಸ್ ಎಂದರು, ಇನ್ನೊಮ್ಮೆ ವಯಸ್ಸು ಎಂದರು. ಗುಟ್ಟು ಹೊರಬಿದ್ದದ್ದು ಹರ್ನಿಯಾ ಶಸ್ತ್ರಚಿಕಿತ್ಸೆಗೆಂದು ಪೇಟೆಗೆ ಕರೆದುಕೊಂಡು ಹೋದಾಗ. ಅರಿವಳಿಕೆ ಕೊಡುವ ಡಾಕ್ಟರು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಇಸಿಜಿ ನೋಡಿದರು, ಸಕ್ಕರೆ ಎಷ್ಟು ವರ್ಷದಿಂದ ಎಂದು ಕೇಳಿದರು, ಹದಿನಾಲ್ಕು ವರ್ಷ ಎಂದಾಗ ಮಂಚದ ಪಕ್ಕ ಕೂತು ಕೈ ಹಿಡಿದರು. “ಮೇಷ್ಟ್ರೇ, ನಾನು ಹೇಳಿದ ಹಾಗೆ ಉಸಿರು ತಗೊಳ್ಳಿ” ಎಂದು ಶಾಲೆಯಲ್ಲಿ ಮಗ್ಗಿ ಹೇಳಿಸುವ ಧಾಟಿಯಲ್ಲಿ ಒಂದರಿಂದ ಐದರವರೆಗೆ ಎಣಿಸುತ್ತಾ ಉಸಿರು ಎಳೆಸಿದರು, ಬಿಡಿಸಿದರು. ನಿಮಿಷಕ್ಕೆ ಆರು ಉಸಿರು. ಪರದೆಯ ಮೇಲಿನ ಸಂಖ್ಯೆ 96ರಿಂದ 98ಕ್ಕೆ ಹೋಗಿ ಅಲ್ಲೇ ನಿಂತಿತು. ಆಮೇಲೆ ಮಲಗಿಸಿ ಬಿ.ಪಿ. ನೋಡಿದರು, 150. ಎಬ್ಬಿಸಿ ನಿಲ್ಲಿಸಿ ಎರಡು ನಿಮಿಷ ಬಿಟ್ಟು ನೋಡಿದರು, 118. “ಬಚ್ಚಲಿಗೆ ಹೋಗುವಾಗ ತಲೆ ಸುತ್ತುತ್ತಾ?” ಎಂದು ಕೇಳಿದಾಗ ದೊಡ್ಡಪ್ಪ ಅವರ ಮುಖವನ್ನೇ ನೋಡಿದರು. ಆ ಮಾತನ್ನು ಯಾರೂ ಡಾಕ್ಟರಿಗೆ ಹೇಳಿರಲಿಲ್ಲ.

ಆ ಡಾಕ್ಟರಮ್ಮ ಮಾಡಿದ್ದು ಎಡಿನ್‌ಬರೋದ ಪರೀಕ್ಷೆಗಳನ್ನು. 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಆ ಊರಿನಲ್ಲಿ ಇವಿಂಗ್ ಮತ್ತು ಕ್ಲಾರ್ಕ್ ಎಂಬ ವೈದ್ಯರು, ಸೂಜಿ ಚುಚ್ಚದೆ, ದುಬಾರಿ ಯಂತ್ರವಿಲ್ಲದೆ, ಮಂಚದ ಪಕ್ಕದಲ್ಲೇ ಈ ನರಗಳನ್ನು ಪರೀಕ್ಷಿಸುವ ದಾರಿ ಕಟ್ಟಿದರು. ಐದು ಪರೀಕ್ಷೆಗಳು. ಆಳವಾಗಿ ಉಸಿರಾಡಿಸಿ ನಾಡಿಯ ಏರಿಳಿತ ನೋಡುವುದು: ಹದಿನೈದು ಬಡಿತಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಸರಿ, ಹತ್ತಕ್ಕಿಂತ ಕಡಿಮೆಯಾದರೆ ತೊಂದರೆ. ದೊಡ್ಡಪ್ಪನದು ಎರಡು. ಮಲಗಿದವರನ್ನು ಎಬ್ಬಿಸಿ ನಿಲ್ಲಿಸಿದಾಗ ಹದಿನೈದನೆಯ ಬಡಿತದ ಹೊತ್ತಿಗೆ ನಾಡಿ ಓಡಬೇಕು, ಮೂವತ್ತನೆಯದರ ಹೊತ್ತಿಗೆ ಮತ್ತೆ ನಿಧಾನವಾಗಬೇಕು. ನಳಿಗೆಯೊಳಗೆ ಹದಿನೈದು ಸೆಕೆಂಡು ಜೋರಾಗಿ ಊದಿಸುವುದು ಮೂರನೆಯದು. ಉಳಿದೆರಡು ರಕ್ತದೊತ್ತಡದವು, ನಿಂತಾಗ ಎಷ್ಟು ಇಳಿಯುತ್ತದೆ, ಮುಷ್ಟಿ ಬಿಗಿ ಹಿಡಿದಾಗ ಎಷ್ಟು ಏರುತ್ತದೆ ಎಂದು. ನಿಂತ ಮೂರು ನಿಮಿಷದೊಳಗೆ ಮೇಲಿನ ಒತ್ತಡ ಇಪ್ಪತ್ತು ಅಂಕ ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಈಗ ಅದನ್ನು ದೋಷವೆಂದು ಎಣಿಸುತ್ತಾರೆ.

ಈ ಪರೀಕ್ಷೆಗಳಲ್ಲಿ ಸೋತ, ತೊಂದರೆಯ ಲಕ್ಷಣಗಳೂ ಇದ್ದ ರೋಗಿಗಳನ್ನು ಎಡಿನ್‌ಬರೋ ವೈದ್ಯರು ವರ್ಷಗಟ್ಟಲೆ ಹಿಂಬಾಲಿಸಿದರು. 1980ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಓದಿದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಜನ ತೀರಿಕೊಂಡಿದ್ದರು. ಅವು ಸಕ್ಕರೆಗೂ ಬಿ.ಪಿ.ಗೂ ಇವತ್ತಿನ ಮಾತ್ರೆಗಳಿಲ್ಲದ ದಿನಗಳು, ಈಗಿನ ಲೆಕ್ಕ ಅಷ್ಟು ಕ್ರೂರವಲ್ಲ. ಆದರೂ ಗೆರೆ ಅದೇ ದಿಕ್ಕಿಗಿದೆ. ಹನ್ನೊಂದು ಸಾವಿರಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರು ಭಾಗವಹಿಸಿದ್ದ ಅಡ್ವಾನ್ಸ್ ಎಂಬ ದೊಡ್ಡ ಅಧ್ಯಯನದ ಅಂಕಿಅಂಶಗಳನ್ನು 2012ರಲ್ಲಿ ಹೀಗೆ ಸೋಸಿ ನೋಡಿದರು: ಕೂತಾಗಿನ ನಾಡಿ ಹತ್ತು ಬಡಿತ ಹೆಚ್ಚಿದಂತೆಲ್ಲ ಸಾವಿನ ಅಪಾಯ ಶೇಕಡಾ 15ರಷ್ಟು ಹೆಚ್ಚು ಕಂಡಿತು. ಅಮೆರಿಕ, ಕೆನಡಾಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಕಾರ್ಡ್ ಅಧ್ಯಯನದಲ್ಲಿ, ಹೃದಯದ ನರ ಸೋತಿದ್ದವರಲ್ಲಿ ಸಾವು ಉಳಿದವರಿಗಿಂತ ಒಂದೂವರೆಯಿಂದ ಎರಡು ಪಟ್ಟು ಹೆಚ್ಚಿತ್ತು. ಏರಿದ ನಾಡಿಯೇ ಕೊಲ್ಲುತ್ತದೆ ಎಂದು ಈ ಲೆಕ್ಕಗಳು ಹೇಳುವುದಿಲ್ಲ. ಅದು ಹೊಗೆ. ಬೆಂಕಿ ಇನ್ನೆಲ್ಲೋ ಇರಬಹುದು. ಆದರೆ ಹೊಗೆ ಕಂಡ ಮೇಲೆ ಎದ್ದು ಹೋಗಿ ನೋಡಬೇಕು.

ಹೊಗೆಯೂ ನಿರಪಾಯವೇನಲ್ಲ. ದೇಹದ ಉಳಿದೆಲ್ಲ ಅಂಗಗಳಿಗೆ ಹೃದಯ ಹಿಂಡಿಕೊಂಡಾಗ ರಕ್ತ ಹೋಗುತ್ತದೆ. ಹೃದಯದ ಸ್ವಂತ ಮಾಂಸಕ್ಕೆ, ಮುಖ್ಯವಾಗಿ ಎಡಭಾಗಕ್ಕೆ, ರಕ್ತ ಸಿಗುವುದು ಅದು ಸಡಿಲವಾದಾಗ, ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ನಿಮಿಷಕ್ಕೆ ಅರವತ್ತು ಬಡಿದರೆ ಆ ಬಿಡುವೆಲ್ಲ ಕೂಡಿ ನಲವತ್ತು ಸೆಕೆಂಡಿನಷ್ಟಾಗುತ್ತದೆ. ನೂರು ಬಡಿದರೆ ಮೂವತ್ತರ ಆಸುಪಾಸಿಗೆ ಇಳಿಯುತ್ತದೆ. ದುಡಿಮೆ ಹೆಚ್ಚಾಯಿತು, ಉಣ್ಣುವ ಹೊತ್ತು ಕಡಿಮೆಯಾಯಿತು. ಎಪ್ಪತ್ತು ಬಡಿಯುವ ಹೃದಯ ದಿನಕ್ಕೆ ಒಂದು ಲಕ್ಷ ಚಿಲ್ಲರೆ ಸಲ ಬಡಿದರೆ, ತೊಂಬತ್ತಾರು ಬಡಿಯುವುದು ಒಂದು ಲಕ್ಷ ಮೂವತ್ತೆಂಟು ಸಾವಿರ ಸಲ ಬಡಿಯುತ್ತದೆ. ಹೃದಯದ ರಕ್ತನಾಳಗಳು ಈಗಾಗಲೇ ಕೊಬ್ಬಿನಿಂದ ಕಿರಿದಾಗಿದ್ದರೆ ಈ ಲೆಕ್ಕ ಬೇಗ ತಪ್ಪುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಮೌನದ್ದು. ಹೃದಯಾಘಾತವಾದಾಗ ಎದೆಯ ನೋವನ್ನು ಮೆದುಳಿಗೆ ಮುಟ್ಟಿಸುವುದೂ ನರಗಳೇ. ಅವೂ ಸೋತಿದ್ದರೆ ಸುದ್ದಿ ಮುಟ್ಟುವುದೇ ಇಲ್ಲ. ಎದೆನೋವು, ಎಡಗೈ ಸೆಳೆತ ಯಾವುದೂ ಇಲ್ಲದೆ, ಕಾರಣವಿಲ್ಲದ ಸುಸ್ತು, ಮೈಯೆಲ್ಲ ತಣ್ಣನೆಯ ಬೆವರು, ನಾಲ್ಕು ಹೆಜ್ಜೆಗೆ ಏದುಸಿರು, ವಾಂತಿ ಬಂದ ಹಾಗಾಗುವುದು ಇಷ್ಟರಲ್ಲೇ ಆಘಾತ ಮುಗಿದುಹೋಗಬಹುದು. ಎಷ್ಟೋ ಮನೆಗಳಲ್ಲಿ “ಪಿತ್ತ ಆಗಿರಬೇಕು” ಎಂದು ಜೀರಿಗೆ ಕಷಾಯ ಕೊಟ್ಟು ಮಲಗಿಸುತ್ತಾರೆ. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇರುವವರಿಗೆ ಇಂಥ ಸುಸ್ತು ಇದ್ದಕ್ಕಿದ್ದಂತೆ ಬಂದರೆ ಕಷಾಯ ಬೇಡ, ಮೊದಲು ಇಸಿಜಿ ಆಗಲಿ. ಈ ಒಂದು ಮಾತಿಗಾಗಿಯೇ ನಾನು ಈ ಅಧ್ಯಾಯ ಬರೆಯಬಹುದಾಗಿತ್ತು.

ಇನ್ನೊಂದು ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಸಕ್ಕರೆ ಕಾಯಿಲೆಯವರ ಎದೆ ಓಡುವುದಕ್ಕೆಲ್ಲ ನರದ ಸೋಲೇ ಕಾರಣವಲ್ಲ. ಥಟ್ಟನೆ ಎದೆ ಡವಡವ ಹೊಡೆದುಕೊಂಡು, ಕೈ ನಡುಗಿ, ಬೆವರು ಕಿತ್ತು, ಹಸಿವಾದರೆ ಮೊದಲು ನೆನೆಯಬೇಕಾದ್ದು ಲೋ ಶುಗರ್. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು ಊಟ ತಡವಾದಾಗ ಸಕ್ಕರೆ 70ಕ್ಕಿಂತ ಕೆಳಗಿಳಿದು, ಅದನ್ನು ಮೇಲೆತ್ತಲು ದೇಹ ಅಡ್ರಿನಲಿನ್ ಸುರಿಸುತ್ತದೆ. ಆಗ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಬಿ.ಪಿ.ಗೋ ಹೃದಯಕ್ಕೋ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ಈ ಡವಡವ ಅಡಗಿಬಿಡುತ್ತದೆ, ಬೆವರೊಂದೇ ಸೂಚನೆಯಾಗಿ ಉಳಿಯುತ್ತದೆ. ಇನ್ನು ಸಕ್ಕರೆ ತೀರಾ ಏರಿದಾಗಲೂ ಮೂತ್ರದಲ್ಲಿ ನೀರು ಹೋಗಿ ಹೋಗಿ ದೇಹ ಒಣಗಿ ನಾಡಿ ಓಡುತ್ತದೆ. ರಕ್ತಹೀನತೆ, ಥೈರಾಯ್ಡ್ ಹೆಚ್ಚಾಗಿರುವುದು, ಮೂತ್ರದ ಸೋಂಕು, ಕಾಲಿನ ಹುಣ್ಣು ಕೀವಾಗಿರುವುದು, ಉಬ್ಬಸದ ಔಷಧಿ, ತೂಕ ಇಳಿಸುವ ಹೊಸ ಜಿಎಲ್‌ಪಿ-1 ಚುಚ್ಚುಮದ್ದು, ಇವೆಲ್ಲವೂ ನಾಡಿ ಏರಿಸಬಲ್ಲವು. ಬಡಿತ ವೇಗವಾಗಿದ್ದು ತಾಳವೂ ತಪ್ಪಿದ್ದರೆ, ಅಂದರೆ ಯಾವ ಲೆಕ್ಕಕ್ಕೂ ಸಿಗದೆ ಹೇಗೆಂದರೆ ಹಾಗೆ ಬೀಳುತ್ತಿದ್ದರೆ, ಅದು ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು. ಅದರಿಂದ ಲಕ್ವ ಹೊಡೆಯುವ ಅಪಾಯವಿದೆ, ಕಾಯುವಂತಿಲ್ಲ. ಇವುಗಳಲ್ಲಿ ಹೆಚ್ಚಿನವಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಅದಕ್ಕೇ ನರ ಸೋತಿದೆ ಎಂದು ತೀರ್ಮಾನಿಸುವ ಮೊದಲು ವೈದ್ಯರು ಹಿಮೋಗ್ಲೋಬಿನ್, ಟಿಎಸ್ಎಚ್, ಇಸಿಜಿ ಎಂದು ಬರೆದುಕೊಡುವುದು.

ಸೋತ ನರ ಮತ್ತೆ ಚಿಗುರುತ್ತದೆಯೇ? ಪೂರ್ತಿ ಹೋದದ್ದನ್ನು ಮರಳಿ ತರುವ ಔಷಧಿ ಇನ್ನೂ ಇಲ್ಲ. ಸೋಲುವುದನ್ನು ತಡೆಯಬಹುದು ಎಂಬುದಕ್ಕೆ ಮಾತ್ರ ಗಟ್ಟಿ ಆಧಾರವಿದೆ. ಡೆನ್ಮಾರ್ಕಿನ ಸ್ಟೆನೊ ಕೇಂದ್ರದಲ್ಲಿ ಎರಡನೆಯ ಬಗೆಯ ಸಕ್ಕರೆ ಕಾಯಿಲೆಯ 160 ಜನರನ್ನು ಎರಡು ಗುಂಪು ಮಾಡಿ ಸುಮಾರು ಎಂಟು ವರ್ಷ ನೋಡಿಕೊಂಡರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಸಕ್ಕರೆ, ಬಿ.ಪಿ., ಕೊಲೆಸ್ಟರಾಲ್ ಮೂರನ್ನೂ ಒಟ್ಟಿಗೆ ಬಿಗಿ ಹಿಡಿದು, ಊಟ, ನಡಿಗೆ, ಧೂಮಪಾನ ಬಿಡಿಸುವುದು ಎಲ್ಲಕ್ಕೂ ಬೆನ್ನು ಹತ್ತಿದರು. 2003ರಲ್ಲಿ ಬಂದ ಫಲಿತಾಂಶದಲ್ಲಿ, ಎರಡನೆಯ ಗುಂಪಿನಲ್ಲಿ ಈ ಸ್ವಯಂಚಾಲಿತ ನರಗಳು ಹಾಳಾಗುವ ಅಪಾಯ ಶೇಕಡಾ 60ಕ್ಕೂ ಹೆಚ್ಚು ಕಡಿಮೆಯಾಗಿತ್ತು. ಸಕ್ಕರೆಯೊಂದನ್ನೇ ಹಿಡಿದು ಕೂತರೆ ಸಾಲದು, ಮೂರನ್ನೂ ಹಿಡಿಯಬೇಕು ಎಂದು ನಾನು ಇದರಿಂದ ಅರ್ಥಮಾಡಿಕೊಂಡಿದ್ದೇನೆ. ನಮ್ಮ ಮನೆಗಳಲ್ಲಿ ಗ್ಲುಕೋಮೀಟರಿನ ಸಂಖ್ಯೆಗೆ ಸಿಗುವ ಮರ್ಯಾದೆ ಉಳಿದೆರಡಕ್ಕೆ ಸಿಗುವುದಿಲ್ಲ.

ನಡಿಗೆ ವೇಗಸ್ ನರಕ್ಕೆ ಬಲ ಕೊಡುತ್ತದೆ. ತಿಂಗಳುಗಟ್ಟಲೆ ನಿಯಮವಾಗಿ ನಡೆದವರಲ್ಲಿ ಕೂತಾಗಿನ ನಾಡಿ ಇಳಿಯುತ್ತದೆ, ಏರಿಳಿತವೂ ಸ್ವಲ್ಪ ಮರಳುತ್ತದೆ, ಮುಖ್ಯವಾಗಿ ಕಾಯಿಲೆಯ ಆರಂಭದ ವರ್ಷಗಳಲ್ಲಿ. ಆದರೆ ನರ ಈಗಾಗಲೇ ಸೋತವರು ಕೈಗಡಿಯಾರ ತೋರಿಸುವ ನಾಡಿಯ ಗುರಿ ನಂಬಿ ಓಡಬಾರದು. ಅವರ ಹೃದಯ ಶ್ರಮಕ್ಕೆ ತಕ್ಕಂತೆ ಏರುವುದೇ ಇಲ್ಲ. ಪಕ್ಕದವರ ಜೊತೆ ಮಾತಾಡುತ್ತಾ ನಡೆಯುವಷ್ಟು ವೇಗ ಸಾಕು, ಮಾತು ಕಡಿದುಹೋದರೆ ನಿಧಾನಿಸಬೇಕು. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದ ಸಸ್ಯಾಹಾರಿಗಳಲ್ಲಿ ಬಿ12 ವಿಟಮಿನ್ ಕಡಿಮೆಯಾಗಿ ನರಗಳಿಗೆ ಇನ್ನೊಂದು ಪೆಟ್ಟು ಬೀಳಬಹುದು. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವ, ಸುಲಭವಾಗಿ ಸರಿಪಡಿಸಬಹುದಾದ ಕೊರತೆ ಇದು. ನಾಡಿ ಜಾಸ್ತಿ ಇದೆ ಎಂದು ಪಕ್ಕದ ಮನೆಯವರ ಮಾತ್ರೆ ನುಂಗಿ ಇಳಿಸುವ ಕೆಲಸಕ್ಕೆ ಮಾತ್ರ ಯಾರೂ ಕೈಹಾಕಬೇಡಿ.

ದೊಡ್ಡಪ್ಪನ ಶಸ್ತ್ರಚಿಕಿತ್ಸೆ ಎರಡು ವಾರ ಮುಂದೆ ಹೋಯಿತು. ಹೃದಯ ತಜ್ಞರು ನೋಡಿದರು, ಬಿ.ಪಿ. ಮಾತ್ರೆ ಬದಲಾಯಿತು, ಅರಿವಳಿಕೆಯನ್ನು ಬೇರೆ ಬಗೆಯಲ್ಲಿ ಯೋಜಿಸಿದರು. ನರ ಸೋತವರಿಗೆ ಅರಿವಳಿಕೆ ಕೊಟ್ಟಾಗ ರಕ್ತದೊತ್ತಡ ಥಟ್ಟನೆ ಕುಸಿಯಬಹುದು, ಹೃದಯ ಓಡಿ ಅದನ್ನು ಸರಿದೂಗಿಸಲಾರದು. ಮೊದಲೇ ತಿಳಿದಿದ್ದರೆ ಸಿದ್ಧರಾಗಿರುತ್ತಾರೆ. ಆದ್ದರಿಂದ ಯಾವ ಶಸ್ತ್ರಚಿಕಿತ್ಸೆಗೆ ಹೋದರೂ ಸಕ್ಕರೆ ಎಷ್ಟು ವರ್ಷದಿಂದ, ನಿಂತಾಗ ತಲೆ ಸುತ್ತುತ್ತದೆಯೇ ಎಂಬುದನ್ನು ಕೇಳದಿದ್ದರೂ ಹೇಳಬೇಕು. ಮನೆಗೆ ಬಂದ ಮೇಲೆ ದೊಡ್ಡಮ್ಮ ಮಂಚದ ಪಕ್ಕ ಒಂದು ಚೊಂಬು ನೀರಿಡತೊಡಗಿದರು. ಬೆಳಿಗ್ಗೆ ಎಚ್ಚರವಾದ ಮೇಲೆ ನೀರು ಕುಡಿದು, ಕಾಲು ಇಳಿಬಿಟ್ಟು ಎರಡು ನಿಮಿಷ ಕೂತು, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ಏಳುವುದು. ಸುಡುಸುಡು ನೀರಿನ ಸ್ನಾನ ಬಿಟ್ಟರು, ಬಿಸಿ ನೀರು ರಕ್ತನಾಳಗಳನ್ನು ಹಿಗ್ಗಿಸಿ ಒತ್ತಡ ಇಳಿಸುತ್ತದೆ. ಅದಾದ ಮೇಲೆ ಅವರು ಬಚ್ಚಲಲ್ಲಿ ಬಿದ್ದಿಲ್ಲ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಹತ್ತು ಕೋಟಿಗೂ ಹೆಚ್ಚು. ಎರಡನೆಯ ಬಗೆಯ ಸಕ್ಕರೆ ಕಾಯಿಲೆ ಪತ್ತೆಯಾದ ದಿನದಿಂದಲೇ, ಆಮೇಲೆ ವರ್ಷಕ್ಕೊಮ್ಮೆ, ಈ ನರಗಳ ತೊಂದರೆಯ ಲಕ್ಷಣಗಳನ್ನು ವಿಚಾರಿಸಬೇಕೆಂದು ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ. ಹೊರಗೆ ನಲವತ್ತು ಜನ ಕಾಯುತ್ತಿರುವ ಚಿಕಿತ್ಸಾಲಯದಲ್ಲಿ ವೈದ್ಯರಿಗೆ ಅಷ್ಟು ಪುರುಸೊತ್ತು ಸಿಗುವುದು ಕಷ್ಟ. ಆದ್ದರಿಂದ ಎಣಿಸುವ ಕೆಲಸ ನಾವೇ ಮಾಡಿಕೊಂಡು ಹೋಗೋಣ.

ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ನಾಳೆ ಬೆಳಿಗ್ಗೆ ಕಾಫಿ, ಮಾತ್ರೆ, ಮಾತು ಎಲ್ಲಕ್ಕೂ ಮುಂಚೆ ಐದು ನಿಮಿಷ ಸುಮ್ಮನೆ ಕೂರಿಸಿ, ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ಒಂದು ವಾರ ಹೀಗೆ ಎಣಿಸಿ ಸಕ್ಕರೆಯ ಸಂಖ್ಯೆಯ ಪಕ್ಕದಲ್ಲೇ ಬರೆದಿಡಿ. ದಿನವೂ ತೊಂಬತ್ತು ದಾಟುತ್ತಿದ್ದರೆ, ಅಥವಾ ನಿಂತಾಗ ತಲೆ ಸುತ್ತುತ್ತದೆ ಎಂದು ಅವರು ಹೇಳಿದರೆ, ಆ ಚೀಟಿಯನ್ನು ಮುಂದಿನ ಸಲ ವೈದ್ಯರ ಮೇಜಿನ ಮೇಲಿಟ್ಟು, ಮಲಗಿಸಿ ಮತ್ತು ನಿಲ್ಲಿಸಿ ಎರಡೂ ಬಿ.ಪಿ. ನೋಡಿ ಎಂದು ಕೇಳಿ. ಗಡಿಯಾರದಲ್ಲಿ ಸೆಕೆಂಡಿನ ಮುಳ್ಳಿದ್ದರೆ ಸಾಕು, ಇದಕ್ಕೆ ಬೇರೆ ಖರ್ಚಿಲ್ಲ.